ಚೆರೋಕಿ ಜನರ ಹಾವಿನ ಮಂತ್ರಗಳು

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಸಭೆಯಲ್ಲಿ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾವು ನಾಲ್ಕು ಮಾತನಾಡುವೆವೆಂದು ತಾವು ನಿರೀಕ್ಷಿಸಿರಬಹುದು. ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದವರಿಗೆ ಅದೇ ಸಹಜವಾದ ವಿಷಯ. ಆದರೆ ಇಂದು ನಾವು ಆರಿಸಿಕೊಂಡಿರುವುದು ಹಾವಿನ ಮಂತ್ರವನ್ನು. ಅದೂ ನಮ್ಮ ನಾಡಿನದಲ್ಲ. ಸಮುದ್ರದಾಚೆ ಅಮೇರಿಕದ ಬೆಟ್ಟಗಳಲ್ಲಿ ಬಾಳಿಕೊಂಡು ಬಂದ ಚೆರೋಕಿ ಎಂಬ ಮೂಲನಿವಾಸಿಗಳದು. ಇದನ್ನೇಕೆ ಆರಿಸಿಕೊಂಡೆವೆಂಬುದಕ್ಕೆ ಕಾರಣವುಂಟು. ಅದನ್ನು ಮಾತಿನ ಉತ್ತರಾರ್ಧದಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ನಮ್ಮ ಮನೆಯ ಅಂಗಳದಿಂದಲೇ ಹೊರಡೋಣ. ಕಾಸರಗೋಡಿನ ಈ ಸೀಮೆಯಲ್ಲಿ ಅಡಿಕೆ ತೋಟ, ಗದ್ದೆ, ಗುಡ್ಡಗಳ ನಡುವೆ ಬಾಳುವ ನಮಗೆ ಹಾವು ಅಪರಿಚಿತವಲ್ಲ. ತೋಟದ ಮೂಲೆಯಲ್ಲಿ ನಾಗಬನವುಂಟು, ಅಲ್ಲಿ ಕೈಮುಗಿಯುತ್ತೇವೆ. ಕತ್ತಲಾದ ಮೇಲೆ ಅದರ ಹೆಸರೆತ್ತಿದರೆ ಅಜ್ಜಿಯಂದಿರು ಗದರಿಸುತ್ತಿದ್ದುದು ಇಲ್ಲಿ ಕುಳಿತ ಹಿರಿಯರಿಗೆಲ್ಲ ನೆನಪಿರಬಹುದು. ಯಾರಿಗಾದರೂ ಹಾವು ಕಚ್ಚಿದರೆ “ಹಾವು ಕಚ್ಚಿತು” ಎಂದು ಬಾಯಿಬಿಟ್ಟು ಹೇಳುವುದಿಲ್ಲ. “ಹುಳ ಮುಟ್ಟಿತು” ಎನ್ನುತ್ತೇವೆ. ಕಚ್ಚುವುದು ಮುಟ್ಟುವುದಾಯಿತು, ಹಾವು ಹುಳವಾಯಿತು. ಹೆಸರನ್ನು ಕಿರಿದು ಮಾಡಿದರೆ ಆಪತ್ತೂ ಕಿರಿದಾದೀತೆಂಬ ಆಸೆ ಈ ಮಾತಿನಲ್ಲಿ ಅಡಗಿದೆ.

ಚೆರೋಕಿ ಜನರು ಇಂಥ ಸಂದರ್ಭದಲ್ಲಿ ಏನು ಹೇಳುತ್ತಿದ್ದರು ಗೊತ್ತೆ? “ಮುಳ್ಳುಬಳ್ಳಿ ತರಚಿತು” ಎನ್ನುತ್ತಿದ್ದರು. ಹಾವು ಕಚ್ಚಿತೆಂದು ನೇರವಾಗಿ ಹೇಳಿದರೆ ಹಾವಿನ ಕುಲಕ್ಕೆ ಮನಸ್ಸು ನೊಂದೀತೆಂದು ಅವರ ಎಣಿಕೆ. ಇದನ್ನು ಪುಸ್ತಕದಲ್ಲಿ ಮೊದಲ ಬಾರಿಗೆ ಓದಿದಾಗ ನಾವು ಬೆರಗಾದೆವು. ಅವರ ನೆಲ ಬೇರೆ, ನುಡಿ ಬೇರೆ, ದೇವರು ಬೇರೆ. ನಮಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಕತ್ತಲಲ್ಲಿ ಕಾಲಿಡುವ ಮನುಷ್ಯನ ಅಂಜಿಕೆ ಎರಡು ಕಡೆಯೂ ಒಂದೇ ಬಗೆಯ ಮಾತನ್ನು ಹುಟ್ಟಿಸಿದೆ.

ಅಮೇರಿಕದ ಆಗ್ನೇಯ ಭಾಗದಲ್ಲಿ ಅಪಲೇಚಿಯನ್ ಎಂಬ ಬೆಟ್ಟಸಾಲುಂಟು. ಚೆರೋಕಿಗಳು ಅಲ್ಲಿಯವರು. 1838-39ರಲ್ಲಿ ಅಲ್ಲಿನ ಸರಕಾರವು ಸುಮಾರು 16,000 ಮಂದಿಯನ್ನು ಹುಟ್ಟಿದ ನೆಲದಿಂದ ಎಬ್ಬಿಸಿ, ನೂರಾರು ಮೈಲಿ ದೂರದ ಪಶ್ಚಿಮದ ಬಯಲಿಗೆ ಅಟ್ಟಿತು. ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಸತ್ತವರು ಸುಮಾರು 4,000 ಎಂದು ಅಂದಾಜು. ಆ ಪಯಣಕ್ಕೆ “ಕಣ್ಣೀರಿನ ಹಾದಿ” ಎಂದೇ ಹೆಸರು. ಸ್ವಲ್ಪ ಜನರು ಮಾತ್ರ ಉತ್ತರ ಕೆರೊಲಿನದ ಬೆಟ್ಟಗಳಲ್ಲಿ ಉಳಿದುಕೊಂಡರು. 1887ರಲ್ಲಿ ಜೇಮ್ಸ್ ಮೂನಿ ಎಂಬ ವಿದ್ವಾಂಸರು ಹೋದುದು ಹೀಗೆ ಉಳಿದವರ ಬಳಿಗೆ. ಅವರು ಸಂಗ್ರಹಿಸಿದ ಮಂತ್ರಗಳು 1891ರಲ್ಲಿಯೂ ಪುರಾಣಕಥೆಗಳು 1900ರಲ್ಲಿಯೂ ಅಚ್ಚಾದವು. ನಾವು ಇಲ್ಲಿ ಹೇಳತಕ್ಕ ಸಂಗತಿಗಳೆಲ್ಲ ಮುಖ್ಯವಾಗಿ ಆ ಸಂಗ್ರಹಗಳಿಂದ ತಿಳಿದುಬಂದವು.

ಚೆರೋಕಿಗಳ ಕಾಡಿನಲ್ಲಿ ಹಾವುಗಳಿಗೆಲ್ಲ ಒಡೆಯನೆನಿಸಿದುದು ಗಿಲಕಿಹಾವು. ಅದರ ಬಾಲದ ತುದಿಯಲ್ಲಿ ಒಣಗಿದ ಉಂಗುರಗಳ ಸರಣಿಯುಂಟು. ಬಾಲವನ್ನು ಅಲ್ಲಾಡಿಸಿದರೆ ಮಕ್ಕಳ ಗಿಲಕಿಯಂತೆ ಸದ್ದಾಗುತ್ತದೆ. ಚೆರೋಕಿ ಭಾಷೆಯಲ್ಲಿ ಅದರ ಹೆಸರಿಗೆ “ಗಂಟೆಯುಳ್ಳದ್ದು” ಎಂದು ಅರ್ಥ. ಈ ಹಾವಿನ ಮಂತ್ರ ಮನುಷ್ಯರಿಗೆ ದೊರೆತ ಬಗೆಯನ್ನು ಹೇಳುವ ಒಂದು ಕಥೆ ಅವರಲ್ಲುಂಟು.

ಮನುಷ್ಯರೂ ಪ್ರಾಣಿಗಳೂ ಒಬ್ಬರೊಡನೊಬ್ಬರು ಮಾತನಾಡುತ್ತಿದ್ದ ಕಾಲ. ಮನೆಯ ಹೊರಗೆ ಆಡುತ್ತಿದ್ದ ಮಕ್ಕಳು ಚೀರಿದರು. ತಾಯಿ ಓಡಿ ಬಂದು ನೋಡಿದರೆ ಹುಲ್ಲಿನೊಳಗಿಂದ ಗಿಲಕಿಹಾವೊಂದು ಹರಿದು ಬಂದಿತ್ತು. ಆಕೆ ಕೋಲೆತ್ತಿ ಕೊಂದಳು. ಬೇಟೆಗೆ ಹೋಗಿದ್ದ ಗಂಡ ಕತ್ತಲಾದ ಮೇಲೆ ಕಣಿವೆಯ ದಾರಿಯಲ್ಲಿ ಮರಳುತ್ತಿದ್ದಾಗ ವಿಚಿತ್ರವಾದೊಂದು ಗೋಳು ಕೇಳಿಸಿತು. ಹತ್ತಿರ ಹೋದರೆ ಹಾವುಗಳ ಹಿಂಡು ಬಾಯಿ ತೆರೆದುಕೊಂಡು ಅಳುತ್ತಿದೆ! ಕಾರಣ ಕೇಳಿದನು. “ನಿನ್ನ ಹೆಂಡತಿ ಈ ದಿನ ನಮ್ಮ ನಾಯಕನಾದ ಹಳದಿ ಹಾವನ್ನು ಕೊಂದಳು. ಸೇಡು ತೀರಿಸಲು ಕಪ್ಪು ಹಾವನ್ನು ಈಗ ಕಳುಹಿಸಲಿದ್ದೇವೆ” ಎಂದವು. ಬೇಟೆಗಾರನು ತನಗೆ ಬಹಳ ದುಃಖವಾಯಿತೆಂದನು. ಆ ಮಾತು ನಿಜವಾಗಿದ್ದರೆ ಜೀವಕ್ಕೆ ಜೀವ ಕೊಡಬೇಕೆಂದು ಹಾವುಗಳು ಹೇಳಿದವು. ಒಪ್ಪದಿದ್ದರೆ ಇನ್ನೇನಾಗುವುದೋ ಎಂದು ಹೆದರಿ ಅವನು ಒಪ್ಪಿದನು.

ಮನೆಯಲ್ಲಿ ಹೆಂಡತಿ ಅಡಿಗೆ ಮಾಡಿಟ್ಟು ಕಾಯುತ್ತಿದ್ದಳು. ಅವನು ಕುಡಿಯಲು ನೀರು ಕೇಳಿದನು. ಆಕೆ ಮಡಕೆಯಿಂದ ಸೋರೆಬುರುಡೆಯಲ್ಲಿ ತುಂಬಿ ಕೊಟ್ಟಳು. “ಇದು ಬೇಡ, ಒರತೆಯ ಹೊಸ ನೀರು ಬೇಕು” ಎಂದನು. ಆಕೆ ಪಾತ್ರೆ ಹಿಡಿದು ಬಾಗಿಲು ದಾಟಿದಳು. ಮರುಕ್ಷಣ ಒಂದು ಕೂಗು. ಗಂಡ ಹೊರಗೆ ಬಂದನು. ಆಕೆಯ ಪ್ರಾಣ ಹೋಗುವವರೆಗೆ ಬಳಿಯಲ್ಲೇ ಕುಳಿತಿದ್ದನು. ಆಗ ಕಪ್ಪು ಹಾವು ಹುಲ್ಲಿನಿಂದ ಹೊರಬಂದು, ತನ್ನ ಕುಲಕ್ಕೆ ತೃಪ್ತಿಯಾಯಿತೆಂದು ಹೇಳಿ, ಅವನಿಗೊಂದು ಪ್ರಾರ್ಥನೆಯ ಹಾಡನ್ನು ಕಲಿಸಿತು. ನಮ್ಮನ್ನು ಕಂಡಾಗ ಇದನ್ನು ಹಾಡಿದರೆ ನಾವು ಕಚ್ಚೆವು, ತಪ್ಪಿ ಕಚ್ಚಿದರೂ ಇದನ್ನು ಹಾಡಿದರೆ ಗುಣವಾಗುವುದು, ಎಂದು ಮಾತುಕೊಟ್ಟಿತು.

ಮಹನೀಯರೆ, ಈ ಕಥೆಯನ್ನು ನಾವು ಅನೇಕ ಬಾರಿ ಓದಿದ್ದೇವೆ. ಮಂತ್ರವು ಸುಮ್ಮನೆ ಸಿಕ್ಕ ವರವಲ್ಲ, ಒಂದು ಜೀವದ ಬೆಲೆಗೆ ಬಂದುದು ಎಂದು ಇದು ಸಾರುತ್ತದೆ. ಆ ಬೆಲೆಯನ್ನು ತೆತ್ತವಳು ಮಕ್ಕಳನ್ನು ಕಾಪಾಡಿದ ತಾಯಿ. ನ್ಯಾಯವೆಲ್ಲಿದೆ ಎಂದು ತರಗತಿಯಲ್ಲಿ ಹೆಣ್ಣುಮಕ್ಕಳು ನಮ್ಮನ್ನು ಕೇಳಿದ್ದುಂಟು. ನಮ್ಮಲ್ಲಿ ಉತ್ತರವಿರಲಿಲ್ಲ. ಹಾವಿಗೂ ಬಂಧುಗಳುಂಟು, ಅದಕ್ಕೂ ಅಳು ಉಂಟು ಎಂಬ ಅರಿವು ಮಾತ್ರ ಈ ಕಥೆಯಲ್ಲಿ ಗಟ್ಟಿಯಾಗಿದೆ.

ಆದಕಾರಣ ಚೆರೋಕಿಗಳು ಅನಿವಾರ್ಯವಾದ ಹೊರತು ಗಿಲಕಿಹಾವನ್ನು ಕೊಲ್ಲುತ್ತಿರಲಿಲ್ಲ. ಕೊಂದರೆ ಅದರ ಪ್ರೇತದ ಕ್ಷಮೆ ಬೇಡಬೇಕು. ತಾನೇ ಬೇಡಬಹುದು, ಇಲ್ಲವೆ ಮಂತ್ರವೈದ್ಯನಿಂದ ಬೇಡಿಸಬಹುದು. ಬೇಡದಿದ್ದರೆ ಸತ್ತ ಹಾವಿನ ನೆಂಟರು ಜಾಡು ಹಿಡಿದು ಬಂದು ಕಚ್ಚುವರೆಂದು ನಂಬಿಕೆ. ರಕ್ಷೆಗೆ ಇನ್ನೊಂದು ಸಾಧನವಿತ್ತು. ಬಿಳಿಯ ಹೂ ಬಿಡುವ ಕ್ಯಾಂಪಿಯನ್ ಎಂಬ ಗಿಡದ ಬೇರಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡವನನ್ನು ಕಂಡರೆ ಹಾವೇ ಓಡಿಹೋಗುವುದೆಂದು ಹೇಳುತ್ತಿದ್ದರು. ಅದರ ರಸವನ್ನು ಕಡಿತಕ್ಕೆ ಮದ್ದೆಂದೂ ಎಣಿಸಿದ್ದರು. ಕಾಡಿನವರ ಬೇರುಗಳನ್ನು ನಂಬುವುದು ನಮ್ಮಲ್ಲೂ ಹಳೆಯದೇ. ಕಿರಾತರ ಹುಡುಗಿಯೊಬ್ಬಳು ಬೆಟ್ಟದ ತುದಿಯಲ್ಲಿ ಹಾವಿನ ವಿಷಕ್ಕೆ ಮದ್ದು ಅಗೆಯುವ ಪ್ರಸ್ತಾಪ ಅಥರ್ವವೇದದ ಹತ್ತನೆಯ ಕಾಂಡದಲ್ಲಿದೆ.

ಇನ್ನು ಕಡಿತವಾದ ಮೇಲಿನ ವಿಧಿ. ಮಂತ್ರವೈದ್ಯನು ಮೊದಲು ಹಾಡುತ್ತಾನೆ. ಪ್ರತಿಯೊಂದು ಸಾಲನ್ನೂ ಎರಡೆರಡು ಬಾರಿ ಹೇಳಬೇಕು. ಮಂತ್ರದಲ್ಲಿ ಹಾವಿನ ಹೆಸರೇ ಇಲ್ಲ. ಇವನ ಮೈಗೆ ಇದನ್ನು ಹೊಗಿಸಿದುದು ಬರಿಯ ಕಪ್ಪೆ, ಅದು ದಾರಿಯಲ್ಲಿ ಹಾದುಹೋಯಿತು ಎಂಬುದು ಅದರ ತಾತ್ಪರ್ಯ. ಮತ್ತೆ ನಮ್ಮ “ಹುಳ”ವೇ ಬಂತಲ್ಲವೆ? ಶತ್ರುವನ್ನು ಚಿಕ್ಕದು ಮಾಡಿ ಹೇಳಿ ರೋಗಿಗೆ ಧೈರ್ಯ ತುಂಬುವ ಉಪಾಯವಿದು. ಆಮೇಲೆ ಹೊಗೆಸೊಪ್ಪಿನ ರಸವನ್ನು ಗಾಯದ ಮೇಲೆ ತಿಕ್ಕಬೇಕು. ಹೊಗೆಸೊಪ್ಪಿಲ್ಲದಿದ್ದರೆ ಉಗುಳು ಸಾಕು. ತಿಕ್ಕುವ ಕೈ ಎಡಕ್ಕೆ ನಾಲ್ಕು ಸುತ್ತು ಬರಬೇಕು. ಹಾಗೆಯೇ ಸುತ್ತಲೂ ನಾಲ್ಕು ಬಾರಿ ಊದಬೇಕು. ಎಡಕ್ಕೇ ಏಕೆ? ಹಾವು ಸುರುಳಿ ಸುತ್ತಿ ಮಲಗುವಾಗ ಬಲಕ್ಕೆ ಸುತ್ತುವುದಂತೆ. ಎಡಕ್ಕೆ ತಿರುಗಿಸಿದರೆ ಆ ಸುರುಳಿ ಬಿಚ್ಚಿದಂತೆ. ಈ ಕಾರಣವನ್ನು ವಿಧಿಯ ಜೊತೆಯಲ್ಲೇ ಬರೆದಿಟ್ಟಿದ್ದಾರೆ. ಕನಸಿನಲ್ಲಿ ಹಾವು ಕಚ್ಚಿದರೂ ಇದೇ ಚಿಕಿತ್ಸೆ ಆಗಬೇಕು. ಕಚ್ಚಿದುದು ಹಾವಿನ ಪ್ರೇತ. ಅಲಕ್ಷ್ಯ ಮಾಡಿದರೆ ವರ್ಷಗಳ ಮೇಲಾದರೂ ಆ ಜಾಗ ಬಾತು ಹುಣ್ಣಾಗುವುದೆಂದು ಅವರ ನಂಬಿಕೆ.

ಭಾಷೆಯ ಉಪಾಧ್ಯಾಯರಾದ ನಮಗೆ ಇಲ್ಲೊಂದು ರುಚಿಕರವಾದ ವಿಷಯವಿದೆ. ಆ ಮಂತ್ರ ಆರಂಭವಾಗುವ ಶಬ್ದವು ಆಗಿನ ಬಳಕೆಯ ಚೆರೋಕಿಯಲ್ಲಿ ಬಿದ್ದುಹೋಗಿದ್ದ ಹಳೆಯ ಕ್ರಿಯಾಪದ. “ಒಳಹೊಕ್ಕಿತು” ಎಂಬುದು ಅದರ ಅರ್ಥ. ನಾಲಗೆಯಿಂದ ಜಾರಿದ ಶಬ್ದ ಮಂತ್ರದಲ್ಲಿ ಉಳಿದಿತ್ತು. ಒಂದಕ್ಷರ ತಪ್ಪಿದರೆ ಫಲ ಕೆಡುವುದೆಂಬ ಭಯವು ಭಾಷೆಗೆ ಎಷ್ಟೊಂದು ಉಪಕಾರ ಮಾಡುತ್ತದೆ, ನೋಡಿ!

ಇದೆಲ್ಲ ನಮ್ಮವರೆಗೆ ಬಂದುದಾದರೂ ಹೇಗೆ? ಚೆರೋಕಿಗಳಿಗೆ ತಮ್ಮದೇ ಲಿಪಿಯಿತ್ತು, ಅದರಿಂದ. ಸಿಕ್ವೋಯ ಎಂಬ ಚೆರೋಕಿ, ಇಂಗ್ಲಿಷು ಓದಲು ಬಾರದವನು, ವರ್ಷಗಟ್ಟಲೆ ಯೋಚಿಸಿ 1821ರಲ್ಲಿ ತನ್ನ ಭಾಷೆಯ ಉಚ್ಚಾರಗಳಿಗೆ ಒಂದೊಂದು ಅಕ್ಷರವನ್ನು ಕಲ್ಪಿಸಿದನು. ಇಂದು ಆ ಲಿಪಿಯಲ್ಲಿ 85 ಅಕ್ಷರಗಳಿವೆ. 1828ರಲ್ಲಿ ಅದರಲ್ಲಿ ಪತ್ರಿಕೆಯೂ ಹೊರಟಿತು. ಮಂತ್ರವೈದ್ಯರು ತಮ್ಮ ವಿದ್ಯೆಯನ್ನು ಅದೇ ಲಿಪಿಯಲ್ಲಿ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡರು. ಮೂನಿಯವರು ಹೋದಾಗ ಸ್ವಿಮರ್ ಎಂಬ ಮಂತ್ರವೈದ್ಯನು ಅವರಿಗೆ ಕಥೆಗಳನ್ನು ಹೇಳುತ್ತಿದ್ದನು. ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಮಂತ್ರವನ್ನು ಹೊರಗಿನವನಿಗೆ ಕೊಡಬಾರದೆಂದು ಜೊತೆಯವರು ತಡೆದರು. ಕಡೆಗೆ, ಚೆರೋಕಿಗಳು ಎಷ್ಟು ತಿಳಿದವರಾಗಿದ್ದರೆಂಬುದು ಲೋಕಕ್ಕೆ ಗೊತ್ತಾಗಲೆಂಬ ಮಾತಿಗೆ ಒಪ್ಪಿ ಅವನು ತನ್ನ ಪುಸ್ತಕವನ್ನು ಹೊರಗೆ ತೆಗೆದನು. ಹೀಗೆ ಹಲವರಿಂದ ದೊರೆತ ಮಂತ್ರಗಳು ಸುಮಾರು 600. ಸ್ವಿಮರ್ 1899ರಲ್ಲಿ ತೀರಿಕೊಂಡನು. ಅವನ ಅಕ್ಷರಗಳು ಉಳಿದವು.

ಈಗ ನಾವು ಮೊದಲು ಹೇಳಿದ ಕಾರಣಕ್ಕೆ ಬರುತ್ತೇವೆ.

ವಿಷವೈದ್ಯವು ನಮ್ಮ ಸಾಹಿತ್ಯದಲ್ಲೂ ಉಂಟು. 14ನೆಯ ಶತಮಾನದ ಮಂಗರಾಜ ಕವಿಯ ‘ಖಗೇಂದ್ರಮಣಿದರ್ಪಣ’ವು ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಪದ್ಯದಲ್ಲಿ ಹೇಳುವ ಕನ್ನಡ ಗ್ರಂಥ. ಕೆಲವು ವರ್ಷಗಳ ಹಿಂದೆ ನಾವು ಒಂಬತ್ತನೆಯ ತರಗತಿಯಲ್ಲಿ ಈ ಕೃತಿಯನ್ನು ಪ್ರಸ್ತಾಪಿಸಿದಾಗ, ಹುಡುಗನೊಬ್ಬನು ಮರುದಿನ ತನ್ನ ಮುತ್ತಜ್ಜನ ಕೈಬರಹದ ಪುಸ್ತಕವೊಂದನ್ನು ತಂದನು. ಅದರಲ್ಲಿ ಹಾವಿನ ವಿಷ ಇಳಿಸುವ ಮಂತ್ರಗಳಿದ್ದವು. ಕನ್ನಡ ಅಕ್ಷರ, ನಡುನಡುವೆ ಹಳಗನ್ನಡದ ರೂಪಗಳು. ನಮಗೆ ಹಿಡಿಸಲಾರದ ಸಂತೋಷವಾಯಿತು. ತರಗತಿಯಲ್ಲಿ ಗಟ್ಟಿಯಾಗಿ ಓದಿದೆವು. ಓದಿ, ಉತ್ಸಾಹದಲ್ಲಿ, “ವಿಷವನ್ನೂ ಇಳಿಸುವ ಶಕ್ತಿ ಈ ಮಾತಿಗುಂಟು” ಎಂದುಬಿಟ್ಟೆವು. ಭಾಷಾಭಿಮಾನದ ಅಲಂಕಾರದ ಮಾತು ಅದು. ಕೇಳುತ್ತಿದ್ದವರು ಹದಿನಾಲ್ಕು ವರ್ಷದ ಮಕ್ಕಳು.

ಆ ಮಳೆಗಾಲದಲ್ಲಿ ಅದೇ ಹುಡುಗನು ಮುಸ್ಸಂಜೆ ತೋಟದಲ್ಲಿ ಮಂಡಲದ ಹಾವನ್ನು ತುಳಿದನು. ಆಸ್ಪತ್ರೆಗೆ ತಲುಪಿದುದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಮೂತ್ರ ಕಟ್ಟಿತ್ತು, ಕಾಲು ಕರಿದಾಗಿತ್ತು. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು ಅವನು ಬದುಕಿ ಬಂದನು. ಎಡಗಾಲಿನ ಎರಡು ಬೆರಳುಗಳು ಹೋದವು. ಅವನ ತಂದೆ ಒಂದು ದಿನ ಶಾಲೆಗೆ ಬಂದು ನಮ್ಮೆದುರು ಕುಳಿತರು. “ಮಾಷ್ಟ್ರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ರಾತ್ರಿ ಜೀಪಿಗೆ ಹೇಳಿಕಳಿಸುವ ಎಂದು ನಾನು ಹೊರಟಿದ್ದೆ. ಮಗನೇ ಹೇಳಿದ, ಈ ಮಂತ್ರಕ್ಕೆ ಶಕ್ತಿಯುಂಟೆಂದು ನಮ್ಮ ಮಾಷ್ಟ್ರು ಹೇಳಿದ್ದಾರೆ, ಓದಿಸಿ ನೋಡುವ ಎಂದು. ಬೆಳಗಿನವರೆಗೆ ಓದಿಸಿದೆವು” ಎಂದರು. ಅಷ್ಟು ಹೇಳಿ ಎದ್ದು ಹೋದರು. ನಾವು ಕುಳಿತಲ್ಲೇ ಕುಳಿತೆವು.

ಸೋದರರೆ, ಆ ದಿನದಿಂದ ನಾವು ಈ ವಿಷಯವನ್ನು ಓದತೊಡಗಿದೆವು. ಮಂತ್ರಕ್ಕೆ ಕೀರ್ತಿ ಬರುವ ಬಗೆ ಓದುತ್ತಾ ಹೋದಂತೆ ತಿಳಿಯಿತು. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಮೈಗೆ ಇಳಿದಿರುವುದಿಲ್ಲ. ಅಂಥವರೆಲ್ಲ ಮಂತ್ರವಿದ್ದರೂ ಬದುಕುತ್ತಾರೆ, ಇಲ್ಲದಿದ್ದರೂ ಬದುಕುತ್ತಾರೆ. ಹೆಸರು ಮಾತ್ರ ಮಂತ್ರಕ್ಕೆ. ವಿಷ ಇಳಿದವನ ಗತಿ ಬೇರೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಮಳೆಗಾಲದ ತಿಂಗಳುಗಳೇ ಅಪಾಯದವು.

ವಿಷಕ್ಕೆ ಪರೀಕ್ಷಿತವಾದ ಮದ್ದು ಪ್ರತಿವಿಷವೊಂದೇ. ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ನಿರೋಧಕ ಅಂಶವನ್ನು ಬೇರ್ಪಡಿಸಿ ಅದನ್ನು ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷ ಎಲ್ಲಿಂದ ಬರುತ್ತದೆ? ಇಲ್ಲಿಯೂ ಮೂಲನಿವಾಸಿಗಳೇ ನಮಗೆ ಆಸರೆ. ತಮಿಳುನಾಡಿನಲ್ಲಿ ಹಾವು ಹಿಡಿಯುವುದರಲ್ಲಿ ನಿಪುಣರಾದ ಇರುಳರು 1978ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿದರು. ಮದರಾಸಿನ ದಕ್ಷಿಣಕ್ಕಿರುವ ವಡನೆಮ್ಮೇಲಿಯಲ್ಲಿ ಅವರು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಬಗೆಯ ಹಾವುಗಳಿಂದ ವಿಷ ತೆಗೆದು, ಹಾವುಗಳನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಆ ಕುಲದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಎಂಬಿಬ್ಬರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ನಮ್ಮ ಹುಡುಗನಿಗೆ ಆಸ್ಪತ್ರೆಯಲ್ಲಿ ಚುಚ್ಚಿದ ಮದ್ದಿನ ಹಿಂದೆ ಇಂಥ ಕೈಗಳ ಕುಶಲತೆಯಿದೆ. ಹಾವನ್ನು ಅರಿತವರ ತಿಳಿವಳಿಕೆ ವ್ಯರ್ಥವಲ್ಲ. ಅದು ಸಲ್ಲಬೇಕಾದ ಜಾಗದಲ್ಲಿ ಸಲ್ಲಬೇಕು.

ಹಾಗಾದರೆ ಆ ಮಂತ್ರದ ಪುಸ್ತಕವನ್ನು ಸುಟ್ಟುಬಿಡೋಣವೆ? ಒಂದು ರಾತ್ರಿ ನಮಗೂ ಹಾಗೆನಿಸಿತ್ತು. ಚೆರೋಕಿಗಳ ಕಥೆಯೇ ನಮ್ಮನ್ನು ತಡೆಯಿತು. ಇಂದು ಅವರಲ್ಲಿ ತಮ್ಮ ಭಾಷೆಯನ್ನು ಚೆನ್ನಾಗಿ ಆಡಬಲ್ಲವರು ಸುಮಾರು ಎರಡು ಸಾವಿರ ಮಂದಿ, ಹೆಚ್ಚಿನವರು ವೃದ್ಧರು. 2019ರಲ್ಲಿ ಅವರ ಮೂರು ಪಂಗಡಗಳೂ ಒಟ್ಟಾಗಿ ಭಾಷೆಗೆ ತುರ್ತು ಪರಿಸ್ಥಿತಿ ಒದಗಿದೆಯೆಂದು ಘೋಷಿಸಿದವು. ಮಕ್ಕಳಿಗೆ ಅದೇ ಭಾಷೆಯಲ್ಲಿ ಪಾಠ ಹೇಳುವ ಶಾಲೆಗಳನ್ನು ನಡೆಸುತ್ತಿದ್ದಾರೆ. ಅವರಿಗೆ ಇಂದು ಸ್ವಿಮರನ ಪುಸ್ತಕದ ಒಂದೊಂದು ಶಬ್ದವೂ ಬಂಗಾರ. 1956ರಿಂದ ಗಡಿಯ ಈಚೆ ನಿಂತು, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಾ ಬಂದಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕನ್ನಡ ಅವರ ಭಾಷೆಯಷ್ಟು ಬಡವಾಗಿಲ್ಲ, ಆಗಲೂ ಬಾರದು. ಆದರೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಗೆದ್ದಲು ತಿನ್ನುವ ಕನ್ನಡ ನಮ್ಮದೇ ಮನೆಗಳದು.

ಆದುದರಿಂದ ಈ ಸಭೆಯ ಮುಂದೆ ನಮ್ಮ ಬಿನ್ನಹ ಎರಡು. ಮೊದಲನೆಯದು: ಹುಳ ಮುಟ್ಟಿತೆಂದರೆ ಒಂದು ಗಳಿಗೆಯೂ ತಡಮಾಡಬೇಡಿ. ಕಡಿತವಾದ ಅಂಗವನ್ನು ಅಲುಗಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಬಾಯಿಂದ ಹೀರದೆ, ಉಂಗುರ ಬಳೆಗಳನ್ನು ತೆಗೆದು, ಪ್ರತಿವಿಷವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹಿಡಿಯಲೋ ಕೊಲ್ಲಲೋ ಹೋಗಬೇಡಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಮದ್ದುಂಟೆಂಬುದನ್ನು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ.

ಎರಡನೆಯದು: ಮನೆಯಲ್ಲಿ ಇಂಥ ಹಳೆಯ ಕೈಬರಹಗಳಿದ್ದರೆ, ಅಜ್ಜ ಅಜ್ಜಿಯರ ಬಾಯಲ್ಲಿ ಇಂಥ ಮಾತುಗಳಿದ್ದರೆ, ಬರೆದು ತಂದು ಸಂಘದಲ್ಲಿ ಕೊಡಿ. ಹೇಳಿದವರ ಊರನ್ನೂ ಬರೆದ ದಿನವನ್ನೂ ಕಾಣಿಸಿರಿ. ಅದನ್ನು ನಾವು ಮದ್ದೆಂದು ಇಡುವುದಿಲ್ಲ. ನಮ್ಮ ಹಿರಿಯರು ಅಂಜಿಕೆಯ ರಾತ್ರಿಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಧೈರ್ಯದ ಮಾತೆಂದು ಇಡುತ್ತೇವೆ.

ಆ ಹುಡುಗನ ವಿಷಯವನ್ನು ಪೂರ್ತಿ ಮಾಡಿ ಮುಗಿಸುತ್ತೇವೆ. ಮರುವರ್ಷ ಅವನು ಶಾಲೆಗೆ ಮರಳಿದನು. ಬೇಸಗೆಯ ರಜೆಯಲ್ಲಿ ಮುತ್ತಜ್ಜನ ಪುಸ್ತಕವನ್ನೆಲ್ಲ ತಾನೇ ದುಂಡಗಿನ ಅಕ್ಷರದಲ್ಲಿ ಪ್ರತಿಮಾಡಿ ನಮಗೆ ತಂದುಕೊಟ್ಟನು. ಮೊದಲ ಪುಟದಲ್ಲಿ, ಮಂತ್ರ ಆರಂಭವಾಗುವುದಕ್ಕೆ ಮುಂಚೆ, ತನ್ನದೊಂದು ವಾಕ್ಯವನ್ನು ಸೇರಿಸಿದ್ದನು: “ಇದನ್ನು ಆಸ್ಪತ್ರೆಯಿಂದ ಬಂದ ಮೇಲೆ ಓದತಕ್ಕದ್ದು.” ವ್ಯಾಕರಣದಲ್ಲಿ ತಪ್ಪಿರಲಿಲ್ಲ. ನಾವು ಅದಕ್ಕೆ ಪೂರ್ಣ ಅಂಕ ಕೊಟ್ಟೆವು.